ಗೇಟಿನಾಚೆ ಹೋಗದ ಮಾತು

ಬಳ್ಳಾರಿ,
೧೨-೭-೧೯೭೯

ಪ್ರೀತಿಯ ಅಕ್ಕನಿಗೆ, ತಂಗಿ ಚನ್ನವೀರಮ್ಮಳ ಶರಣು.

ನಿನ್ನ ಮೂರು ಕಾಗದಗಳೂ ಬಂದಿವೆ. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ದಿನವಿಡೀ ಮಕ್ಕಳ ಹೇಳಿಕೆ ಬರೆದ ಮೇಲೆ ಪೆನ್ನು ಕಂಡರೆ ಸಾಕಾಗುತ್ತದೆ. ಭಾವನವರ ಕೆಮ್ಮು ಕಡಿಮೆಯಾಯಿತೇ? ಸಿರುಗುಪ್ಪದಲ್ಲಿ ಮಳೆ ಹೇಗಿದೆ?

ನಮ್ಮ ಆಶ್ರಮದಲ್ಲಿ ಈಗ ಮನೆಯವರಿಂದಲೇ ಪೆಟ್ಟು ತಿಂದು ಬಂದ ನಲವತ್ತೊಂದು ಹುಡುಗಿಯರು. ಯುಗಾದಿಯ ಹೊತ್ತಿಗೆ ಎಂಟು ವರ್ಷದ ಒಂದು ಕೂಸು ಬಂತು. ಎರಡೂ ಅಂಗೈಯಲ್ಲಿ ಬರೆ. ಯಾರು ಎಳೆದರೆಂದು ಬಾಯಿಬಿಡಲು ಹದಿನೈದು ದಿನ ಹಿಡಿಯಿತು. ಸೋದರಮಾವನಂತೆ. "ಮಾವ ಭಾಳ ಚಲೋ ಇದ್ದನ್ರಿ, ಪ್ಯಾಟ್ಯಾಗಿಂದ ಬಳಿ ತಂದು ಕೊಡ್ತಿದ್ದನ್ರಿ" ಎಂದಳು. ಅದನ್ನೂ ಬರೆದುಕೊಂಡೆ.

ಮಕ್ಕಳು ಹೇಳಿದ್ದು ಗೇಟಿನಾಚೆ ಹೋಗಬಾರದೆಂಬುದು ಇಲ್ಲಿಯ ಕಟ್ಟಳೆ. ಇಲ್ಲಿಗೆ ಬಂದ ಏಳು ವರ್ಷ ಅದನ್ನು ಎಷ್ಟು ಕಟ್ಟುನಿಟ್ಟಾಗಿ ನಡೆಸಿದೆನೆಂದರೆ, ಅದನ್ನೆಲ್ಲ ಕೇಳಿ ಕೇಳಿ ನನಗೇನಾಗುತ್ತಿದೆ ಎಂಬುದನ್ನೂ ಯಾರಿಗೂ ಹೇಳಲಿಲ್ಲ. ಈಗ ಊಟದ ನಡುವೆ ಎದ್ದು ಹೋಗಿ ತಲೆ ಎಣಿಸಿ ಬರುತ್ತೇನೆ. ಒಬ್ಬಳು ಬಚ್ಚಲಿನಿಂದ ಬರಲು ತಡವಾದರೆ ಹೋಗಿ ಬಾಗಿಲು ಬಡಿಯುತ್ತೇನೆ. ಅಡುಗೆಯ ಸಾವಂತ್ರಮ್ಮನಿಗೆ ನಗು. "ಅಮ್ಮಾರ, ಅವು ಕೋಳಿಮರಿ ಅಲ್ರಿ, ಹದ್ದು ಒಯ್ಯಂಗಿಲ್ಲ" ಎನ್ನುತ್ತಾಳೆ. ನನಗೆ ನಗು ಬರುವುದಿಲ್ಲ.

ಗುರುವಾರಕ್ಕೊಮ್ಮೆ ಬರುವ ಡಾಕ್ಟರು ಗಿರಿಜಾಬಾಯಿ ಇದನ್ನು ಕಂಡುಹಿಡಿದರು. "ಮಕ್ಕಳ ದುಃಖ ನೀವು ಕೇಳ್ತೀರಿ, ನಿಮ್ಮದು ಯಾರು ಕೇಳ್ತಾರ? ಕೂಸಿನ ಹೆಸರು ಹೇಳಬ್ಯಾಡ್ರಿ, ಊರು ಹೇಳಬ್ಯಾಡ್ರಿ. ನಿಮಗೇನಾಗೈತಿ ಅಷ್ಟು ಒಬ್ಬರ ಮುಂದ ಹೇಳ್ರಿ. ಹತ್ತು ದಿನ ಅಕ್ಕನ ಮನಿಗೆ ಹೋಗಿ ಬರ್ರಿ" ಎಂದು ಎದುರಿಗೇ ಕೂತು ರಜಾ ಅರ್ಜಿ ಬರೆಸಿದರು. ಮಂಜೂರೂ ಆಯಿತು. ಸಿಕ್ಕ ರಜೆ ಬೇಡವೆನ್ನುವ ನೌಕರಿಯವಳು ಈ ಜಿಲ್ಲೆಗೆ ನಾನೊಬ್ಬಳೇ ಇರಬೇಕು.

ಹೌದು ಅಕ್ಕ, ಪಂಚಮಿಗೆ ನಾನು ಬರುವುದಿಲ್ಲ. ಈ ಕೂಸನ್ನು ಬಿಟ್ಟು ಬರಲಾರೆ. ಮುನಿಸಿಕೊಳ್ಳದೆ ನಾಲ್ಕು ಉಂಡಿ ಕಳಿಸು. ಮೊಮ್ಮಗಳು ನೂರು ವರ್ಷ ಬಾಳಲಿ. ಭಾವನವರಿಗೆ ನಮಸ್ಕಾರ ಹೇಳು.

ನಿನ್ನ,
ಚನ್ನಿ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದೆ. ಕೂಸಿನ ನೆವ ಸುಳ್ಳು. ಕಾರಹುಣ್ಣಿಮೆಗೆ ಬಂದಾಗ, ನೀನು ಒಳಗಿದ್ದೆ, ಭಾವನವರು ಕಟ್ಟೆಯ ಮೇಲೆ ಮೊಮ್ಮಗಳನ್ನು ತೊಡೆಯಲ್ಲಿ ಕೂಡಿಸಿಕೊಂಡು ಕಡುಬು ತಿನ್ನಿಸುತ್ತಿದ್ದರು. ನಾನು ಅವರ ಕೈಗಳನ್ನೇ ನೋಡುತ್ತ ನಿಂತೆ. ಆಮೇಲೆ ಓಡಿಹೋಗಿ ಮಗುವನ್ನು ಕಸಿದುಕೊಂಡೆ. "ಯಾಕವ್ವಾ?" ಎಂದರು. "ಬಿಸಿಲು ಐತಿ" ಎಂದೆ. ಬಿಸಿಲಿರಲಿಲ್ಲ, ಮೋಡ ಮುಚ್ಚಿತ್ತು. ಅಪ್ಪ ಸತ್ತ ಮೇಲೆ ನನ್ನನ್ನು ಮಗಳಂತೆ ಸಾಕಿ ಓದಿಸಿದವರು ಅವರು. ಒಂದು ದಿನ ಗದರಿದವರಲ್ಲ. ನನಗೆ ಏನಾಗಿದೆಯೋ ಭಯವಾಗುತ್ತಿದೆ ಅಕ್ಕ. ಅವರು ನಿನಗೆ ಹೇಳಿರಲಿಕ್ಕಿಲ್ಲ. ಆದರೆ ನಾನೇಕೆ ಕಸಿದುಕೊಂಡೆನೆಂಬುದು ಅವರಿಗೆ ತಿಳಿಯಿತು. ಆ ಸಂಜೆ ನಾನು ಬಸ್ಸು ಹತ್ತುವವರೆಗೂ, ಮಗು ಎಷ್ಟು ಕೈ ಚಾಚಿ ಅತ್ತರೂ, ಭಾವನವರು ಅದನ್ನು ಎತ್ತಿಕೊಳ್ಳಲಿಲ್ಲ.