ಎಡಗೈ ಕೆಳಗೆ ಎರಡು ದಿಂಬು

ದಾಕ್ಷಾಯಿಣಿ,

ಈಗಷ್ಟೇ ನಿನಗೆ ನಿದ್ದೆ ಹತ್ತಿತ್ತು, ಎಬ್ಬಿಸಲಿಲ್ಲ. ನಿನ್ನ ಊದಿದ ಎಡಗೈಗೆ ನರ್ಸಮ್ಮ ಬರೆದುಕೊಟ್ಟ, ತೋಳಿಗೆ ತೊಡುವ ಬಿಗಿ ಸಾಕ್ಸ್ ತರಲು ಚಾಮರಾಜನಗರದ ಬಸ್ಸಿಗೆ ಹೊರಟಿದ್ದೇನೆ. ತೋಳಿನ ಅಳತೆಯ ದಾರ ಸೊಂಟದ ಚೀಲದಲ್ಲಿದೆ.

ಬಿಂದಿಗೆಗಳನ್ನು ತುಂಬಿಟ್ಟಿದ್ದೇನೆ, ನೀನು ಎತ್ತಬೇಡ.

ಬಿಸಿ ಎಕ್ಕದ ಎಲೆ ಇನ್ನು ಕಟ್ಟುವುದು ಬೇಡ. ಮೊನ್ನೆ ಕಟ್ಟಿದ್ದು ನನ್ನದೇ ತಪ್ಪು. ಆಪರೇಷನ್ ಮಾಡಿ ಕಂಕುಳಿನ ಗಂಟು ತೆಗೆದ ಕೈಗೆ ಶಾಖ ಕೊಟ್ಟರೆ ಇನ್ನೂ ನೀರು ತುಂಬುತ್ತದಂತೆ. ಎಲ್ಲರ ಮುಂದೆ ನರ್ಸಮ್ಮನಿಂದ ಬೈಸಿಕೊಂಡೆ.

ಈಗ ಮುಖ್ಯ ಮಾತು. ಅಂಗೈ ಜೋಮು ಹಿಡಿದಿದೆ, ಇಷ್ಟಲಿಂಗ ಜಾರೀತು ಎಂದು ನಿನ್ನೆಯಿಂದ ಪೂಜೆ ಬಿಟ್ಟಿದ್ದೀಯ. ಪೂಜೆಯಾಗದೆ ಉಣ್ಣುವುದಿಲ್ಲ ಎಂದು ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗುತ್ತಿದ್ದೀಯ. ಬಲಗೈಯಲ್ಲಿ ಹಿಡಿ ಎಂದರೆ "ಬುಡಿ ಅತ್ತೆ, ಎಡಗೈಲೇ ಇಡೀಬೇಕು" ಎನ್ನುತ್ತೀಯ.

ಸರಿ, ಎಡಗೈಯಲ್ಲೇ ಹಿಡಿ. ಗೋಡೆಗೆ ಒರಗಿ ಕೂತು, ಮೊಣಕೈ ಕೆಳಗೆ ಎರಡು ದಿಂಬು ಇಟ್ಟುಕೋ. ಅವಕ್ಕೆ ಮಡಿ ಬಟ್ಟೆ ಸುತ್ತಿದ್ದೇನೆ. ಅಂಗೈ ಎದೆಯ ಮಟ್ಟಕ್ಕೆ ಬರುತ್ತದೆ, ಅಲುಗುವುದಿಲ್ಲ. "ಕೈಯ ಎದೆಮಟ್ಟಕ್ಕೆ ಎತ್ತಿ ಮಡುಗವ್ವ, ನೀರು ಇಳೀತದೆ" ಎಂದು ನರ್ಸಮ್ಮ ಹೇಳಿದ್ದೂ ಇದನ್ನೇ ಅಲ್ಲವೇ? ಎಷ್ಟು ಹೊತ್ತು ಬೇಕಾದರೂ ಕೂತಿರು. ಪೂಜೆ ಉದ್ದವಾಯಿತೆಂದು ಇನ್ನು ಗೊಣಗುವುದಿಲ್ಲ.

ಆಮೇಲೆ ಉಣ್ಣು; ಮುದ್ದೆ, ಅವರೆಕಾಳಿನ ಸಾರು ಮುಚ್ಚಿಟ್ಟಿದ್ದೇನೆ. ಉಂಡ ಮೇಲೆ ಫೋನ್ ಮಾಡು.

ನನ್ನ ಪೂಜೆಯಾಯಿತು, ಊಟವಾಗಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಿನ್ನ ಫೋನಿಗೆ ಕಾಯುತ್ತಿರುತ್ತೇನೆ. ಮಸಾಲೆ ದೋಸೆ ತಿನ್ನುವ ಆಸೆಯಾಗಿದೆ ಕಣವ್ವ, ತಡ ಮಾಡಬೇಡ.

ನಿನ್ನ ಅತ್ತೆ