ಇಳಿಯುವ ನದಿಯ ಹೆಸರು

ಇನ್ನೂ ಹೆಸರಿಲ್ಲದ ನನ್ನ ಕೂಸೇ,

ನಿನ್ನನ್ನು ಹೆಸರು ಹಿಡಿದು ಕರೆಯಲು ನನಗೆ ಭಯ. ಈ ಮಾತೊಂದನ್ನು ಬಿಟ್ಟು ಪತ್ರ ಮುಗಿಸುವವಳಿದ್ದೆ. ನಿನಗಿಂತ ಮೊದಲು ಒಬ್ಬಳಿದ್ದಳು. ಮೂರನೇ ತಿಂಗಳಲ್ಲೇ ಅವಳಿಗೆ ಹೆಸರಿಟ್ಟೆ. ಏಳನೇ ತಿಂಗಳಲ್ಲಿ ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದೆ. ಹೆಸರು ಮಾತ್ರ ಉಳಿಯಿತು. ಅದನ್ನು ಎಲ್ಲಿಡಬೇಕೆಂದು ಇವತ್ತಿಗೂ ತಿಳಿದಿಲ್ಲ. ಹಾಗಾಗಿ ಎಂಟು ತಿಂಗಳಿಂದ ನೀನು ಬರೀ 'ಏಯ್'. ನಿನ್ನ ಅಜ್ಜಿಗೂ ಅದೇ ಸರಿ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಬೇಡ ಕಣೆ" ಅನ್ನುತ್ತಾಳೆ. ಕಪಾಟಿನಲ್ಲಿ ಅವಳೇ ಬಚ್ಚಿಟ್ಟ ಕುಲಾವಿಯನ್ನು ನಾನು ನೋಡಿಲ್ಲವೆಂದುಕೊಂಡಿದ್ದಾಳೆ.

ನಿನ್ನ ತಾತನೂ ನಾನೂ ಒಂದೇ ಮೇಜಿಗೆ ಎದುರುಬದುರು ಕೂತು ನಕಾಶೆಗಳ ಮೇಲೆ ಹೆಸರು ಬರೆಯುವವರು. ಈಗ ಮೇಜಿನ ಮೇಲಿರುವುದು ಹೀಬ್ರೂ ಧರ್ಮಗ್ರಂಥದ ನಾಡು. ಊರಿನ ಹೆಸರನ್ನು ಒಂದು ಚುಕ್ಕೆಯ ಪಕ್ಕ ಕೂರಿಸಿದರೆ ಆಯಿತು. ನದಿಯದು ಹಾಗಲ್ಲ, ಅಕ್ಷರಗಳನ್ನು ಬಿಡಿಬಿಡಿಯಾಗಿ, ಹುಟ್ಟಿದಲ್ಲಿಂದ ಕೊನೆಯವರೆಗೆ ನೀರಿನ ಜೊತೆ ನಡೆಸಬೇಕು.

ನನ್ನ ಪಾಲಿಗೆ ಬಂದದ್ದು ಯೊರ್ದನ್ ನದಿ. ಇಂಗ್ಲಿಷ್ ಶಾಲೆಯಲ್ಲಿ 'ಜೋರ್ಡನ್' ಎಂದು ಬಾಯಿಪಾಠ ಮಾಡಿದ್ದೆ, ಅರ್ಥವನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೀಬ್ರೂವಿನಲ್ಲಿ ಅದು ಯಾರ್ದೇನ್. 'ಇಳಿಯುವುದು' ಎಂಬ ಮಾತಿನಿಂದ ಬಂದದ್ದೆಂದು ಬಹಳ ಮಂದಿ ಹೇಳುತ್ತಾರೆ. ಹಿಮದ ಬೆಟ್ಟದ ಬುಡದಲ್ಲಿ ಹುಟ್ಟಿ, ಒಂದು ಸರೋವರವನ್ನು ಹಾದು, ಇಳಿಯುತ್ತ ಇಳಿಯುತ್ತ ಮೀನೊಂದೂ ಬದುಕದ ಉಪ್ಪಿನ ಸಮುದ್ರ ಸೇರುತ್ತದೆ. ಅಲ್ಲಿಂದ ಮುಂದೆ ದಾರಿಯಿಲ್ಲ.

ಬರೆದು ಮುಗಿಸಿದ ನಕಾಶೆಯ ಮೇಲೆ ತಾತ ಭೂತಗನ್ನಡಿ ಹಿಡಿದರು. "ಯಾಕಮ್ಮಾ, ನದೀನ ಅರ್ಧ ದಾರೀಲೇ ಕೂರಿಸಿಬಿಟ್ಟಿದೀಯ? ಬಸ್ ತಪ್ಪಿತಾ ಅದಕ್ಕೆ?"

ನೋಡಿದರೆ ನಿಜ. ಅಕ್ಷರಗಳನ್ನೆಲ್ಲ ಸರೋವರದ ಹತ್ತಿರವೇ ಒತ್ತೊತ್ತಾಗಿ ಮುಗಿಸಿದ್ದೆ. ಕೆಳಗೆ ಉದ್ದಕ್ಕೂ ಬರೀ ನೀಲಿ ಗೆರೆ. ಆ ಉಪ್ಪು ನೀರಿನವರೆಗೆ ಹೋಗಲು ನನ್ನ ಕೈ ಒಪ್ಪಿರಲಿಲ್ಲ, ಅದು ನನಗೇ ಗೊತ್ತಾಗಿರಲಿಲ್ಲ. ನನ್ನ ಇನ್ನೊಂದು ಕೈ ನಿನ್ನ ಮೇಲಿದ್ದುದನ್ನು ತಾತ ಕಂಡಿರಬೇಕು. ಭೂತಗನ್ನಡಿ ಕೆಳಗಿಟ್ಟು ಮೆಲ್ಲಗೆ ಹೇಳಿದರು: "ನೀನು ಬರೆಯೋದು ನಿಲ್ಲಿಸಿದ್ರೆ ನೀರು ನಿಲ್ಲಲ್ಲಮ್ಮ. ಹೆಸರಿಲ್ದೆ ಇಳಿಯುತ್ತೆ, ಅಷ್ಟೆ."

ಆ ಮಧ್ಯಾಹ್ನ ಕುರ್ಚಿಯಲ್ಲೇ ತೂಕಡಿಸಿದೆ. ಕನಸಿನಲ್ಲಿ ಕಾಗದದ ಮೇಲಿನ ನದಿ ಒದ್ದೆಯಾಗಿತ್ತು. ಆ ಗ್ರಂಥದಲ್ಲಿ ಒಂದು ಜನಾಂಗವೇ ಯೊರ್ದನನ್ನು ದಾಟುವ ಕಥೆಯಿದೆ. ದಡ ಮೀರಿ ಹರಿಯುತ್ತಿದ್ದ ಹೊಳೆ ಅವರು ದೂರ ನಿಂತು ಕಾದಾಗ ದಾರಿ ಬಿಡಲಿಲ್ಲ. ಮುಂದೆ ನಡೆದ ಪುರೋಹಿತರ ಪಾದ ನೀರಿಗೆ ತಾಗಿದ ಮೇಲೆಯೇ ನಿಂತಿತು. ಕನಸಿನಲ್ಲಿ ನಾನೂ ಪಾದ ಇಟ್ಟೆ. ನೀರು ನಿಂತಿತೋ ಇಲ್ಲವೋ ನೆನಪಿಲ್ಲ. ತಣ್ಣಗಿತ್ತು. ಒಳಗಿನಿಂದ ನೀನು ಒದ್ದೆ, ಎಚ್ಚರವಾಯಿತು.

ಹಳೆಯ ಅಕ್ಷರಗಳನ್ನು ಬ್ಲೇಡಿನಿಂದ ಕೆರೆದು ಮತ್ತೆ ಬರೆದೆ, ಈ ಸಲ ಉಪ್ಪಿನ ಅಂಚಿನವರೆಗೂ.

ನೀನು ಸುಖವಾಗಿ ಹುಟ್ಟಿದ ಮೇಲೆ ಪತ್ರವನ್ನು ನಮ್ಮದೇ ಮನೆಯ ವಿಳಾಸಕ್ಕೆ ಹಾಕೋಣವೆಂದಿದ್ದೆ. ಈಗ ಕಾಯುವುದಿಲ್ಲ. ಲಕೋಟೆಯ ಮೇಲೆ ಹೆಸರು ಬರೆದಾಯಿತು, ಅಕ್ಷರಗಳನ್ನು ಬಿಡಿಬಿಡಿಯಾಗಿಯೇ. ಯಾರ್ದೇನ್, ಹೆಣ್ಣಾದರೂ ಗಂಡಾದರೂ ಇದೇ ನಿನ್ನ ಹೆಸರು. ಏನೇ ಆದರೂ ಇದು ನಿನ್ನದೇ.

ನಿಧಾನವಾಗಿ ಇಳಿದು ಬಾ ಮಗು. ದಾರಿಯುದ್ದಕ್ಕೂ ನಿನ್ನನ್ನು ಕರೆಯುತ್ತಿರುತ್ತೇನೆ.

ನಿನ್ನ ಅಮ್ಮ

ಡಾಕ್ಟರ್ ಹೇಳಿದ ದಿನ ಮಾರ್ಚ್ ಇಪ್ಪತ್ತೊಂಬತ್ತು. ಇದನ್ನು ಅಂಚೆಗೆ ಹಾಕುವುದು ಮಾರ್ಚ್ ಹನ್ನೊಂದು.