ಬಸಣ್ಣನ ಪೋಸ್ಟರಿಗೆ ಹಾಳೆ ಆರಿಸಿದ್ದು

ತಂಗಿ ನೀಲವ್ವಾ,

ನೀನಿರುವಲ್ಲಿಗೆ ಈ ಕಾಗದ ಮುಟ್ಟುವುದಿಲ್ಲ ಅಂತ ನನಗೂ ಗೊತ್ತು. ಆದರೂ ಈ ಸುದ್ದಿ ನಿನಗೆ ಬೇರೆ ಯಾರೂ ಹೇಳಬಾರದು, ನಾನೇ ಹೇಳಬೇಕು. ಕಣ್ಣು ಮುಚ್ಚುವ ಮುಂಚೆ ನಿನ್ನ ಗಂಡನನ್ನು ನನ್ನ ಕೈಗೆ ಒಪ್ಪಿಸಿದವಳು ನೀನು. ಆ ಬಸಣ್ಣ ನನ್ನ ಕೈಯಿಂದ ತಪ್ಪಿಹೋಗಿ ವರ್ಷದ ಮೇಲಾಯಿತವ್ವಾ.

ನೆನಪಿದೆಯಾ, ಯಾಪಲದಿನ್ನಿಯಲ್ಲಿ ಕುರಿ ಹೊಡೆದುಕೊಂಡು ಬಂದಾಗ ಒಂದು ಮರಿ ಕಡಿಮೆಯಾದರೂ ಬಸಣ್ಣ ಎಣಿಸದೆ ಹೇಳುತ್ತಿದ್ದ? ನೀನು ಹೋದ ಮೇಲೆ ಅದೇ ಮನುಷ್ಯ ಉಂಡದ್ದನ್ನೂ ಮರೆಯತೊಡಗಿದ. ರಾಯಚೂರಿಗೆ, ನನ್ನ ಮನೆಗೆ ಕರೆತಂದೆ. ಕೆಲವು ಸಲ ನನ್ನನ್ನೇ ನೀನು ಅಂದುಕೊಂಡು, "ನೀಲಾ, ಮರಿಗೆ ಹಾಲು ಕುಡಿಸಿದೇನು?" ಅನ್ನುತ್ತಿದ್ದ. ಕುಡಿಸೀನಿ ಅನ್ನುತ್ತಿದ್ದೆ. ಏನು ಹೇಳಲಿ ಮತ್ತೆ? ಮಾನ್ವಿಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಬರುವಾಗ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಅವನನ್ನು ಕೂಡಿಸಿ, ಬಸ್ಸು ಎಷ್ಟೊತ್ತಿಗೆ ಅಂತ ಕೇಳಲು ಹೋದೆ. ತಿರುಗಿ ಬಂದರೆ ಬೆಂಚಿನ ಮೇಲೆ ಕಂಬಳಿ ಇತ್ತು, ಬಸಣ್ಣ…

ಪೊಲೀಸರಿಗೆ ಬರೆದುಕೊಟ್ಟು ಮರುದಿನವೇ ಅವನ ಫೋಟೋ ಹಿಡಿದು ನಾನು ಕೆಲಸ ಮಾಡುವ ಪ್ರೆಸ್ಸಿಗೆ ಹೋದೆ. ಅಲ್ಲಿಗೆ ಯಾರು ಪೋಸ್ಟರ್ ಮಾಡಿಸಲು ಬಂದರೂ ನಾನು ಮೊದಲು ಏನು ಕೇಳುತ್ತೇನೆ ಅಂತ ನಿನಗೆ ಗೊತ್ತೇ ಇದೆ. ಎಷ್ಟು ದಿನ ಬಾಳಬೇಕು? ನಾಟಕದ್ದಾದರೆ ತೆಳು ಹಾಳೆ ಸಾಕು, ಅಂಗಡಿಯದಾದರೆ ಗಟ್ಟಿ ಹಾಳೆ ಬೇಕು, ಮೇಲೆ ಲ್ಯಾಮಿನೇಷನ್ ಬೇಕು. ಮೂವತ್ತು ವರ್ಷ ಹಾಳೆ ಮುಟ್ಟಿ ಮುಟ್ಟಿ ಕಲಿತ ವಿದ್ಯೆ ಇಷ್ಟೇ. ಅವತ್ತು ಮಷಿನ್ ನಡೆಸುವ ಖಾಜಾ ಅದೇ ಮಾತು ನನಗೆ ಕೇಳಿದ.

"ಅಕ್ಕಾ, ಎಷ್ಟು ದಿನ ಬಾಳಬೇಕು ಇದು?"

"ಎಂಟು ದಿನ ಸಾಕಲೇ. ಅಷ್ಟರಾಗ ಸಿಕ್ಕೇ ಸಿಗ್ತಾನ."

"ಮಳಿ ಬರೋ ಹಂಗದ. ಮ್ಯಾಲ ಒಂದು ಪ್ಲಾಸ್ಟಿಕ್ ಫಿಲ್ಮ್ ಹಾಕೋಣೇನು?"

"ಎಂಟು ದಿನದ ಕೆಲಸಕ್ಕ ಫಿಲ್ಮ್ ಯಾಕೋ? ನೀ ಸುಮ್ನ ಹೊಡಿ."

ಕರಪತ್ರದ ತೆಳು ಹಾಳೆ, ಅಂಗೈ ಎರಡು ಜೋಡಿಸಿದಷ್ಟು ಅಳತೆ. ಮೈದಾ ಅಂಟು ಕುದಿಸಿ ಮಾನ್ವಿಯಲ್ಲಿ ಅಂಟಿಸಿದೆವು, ದೇವದುರ್ಗದಲ್ಲಿ ಅಂಟಿಸಿದೆವು. ದೇವದುರ್ಗದಲ್ಲಿ ಅಂಟಿನ ರುಚಿಗೆ ಆಡುಗಳು ಬಂದು ಬಾಯಿಗೆ ಎಟುಕಿದಷ್ಟನ್ನೂ ತಿಂದುಹಾಕಿದವು. ಜೀವಮಾನವೆಲ್ಲ ಆಡು ಕುರಿ ಕಾಯ್ದವನ ಮುಖ! ನೀನಿದ್ದರೆ ನಗುತ್ತಿದ್ದೆಯೋ ಅಳುತ್ತಿದ್ದೆಯೋ… ಉಳಿದದ್ದನ್ನು ಮಳೆ ನೋಡಿಕೊಂಡಿತು.

ಮಳೆ ನಿಂತು ನಾಲ್ಕು ದಿನಕ್ಕೆ ಮಾನ್ವಿಗೆ ಹೋದಾಗ, ಬಸ್ ಸ್ಟ್ಯಾಂಡಿನ ಎದುರು ಚಹಾ ಮಾರುವ ಹೆಣ್ಣುಮಗಳು ಫೋಟೋ ನೋಡಿ ಅಂದಳು, "ಯವ್ವಾ, ಇವ್ರು ಮಳಿಯಾದ ಮರುದಿನ ಇಲ್ಲೇ ಬಂದಿದ್ರಲ್ರೀ. ಚಾ ಕೊಟ್ಟೆ. ನನ್ನ ಕುರಿ ಎಲ್ಲಿ ಅದಾವ ಅಂತ ಕೇಳಿದ್ರು. ತಲಿ ಕೆಟ್ಟದ ಅನ್ಕೊಂಡು ಸುಮ್ನಾದೆ."

"ಅಲ್ಲೇ ಗ್ವಾಡಿಗಿ ಫೋಟೋ ಹಚ್ಚಿದ್ವಲ್ಲವ್ವಾ?"

"ಗ್ವಾಡಿ ಮ್ಯಾಲ ಏನೂ ಇರ್ಲಿಲ್ರೀ. ಮಳಿಗಿ ಎಲ್ಲಾ ಕಿತ್ಕೊಂಡು ಹೋಗಿತ್ತು. ಇದ್ದಿದ್ರ ನಾ ಬಿಡ್ತಿದ್ದೆನೇನ್ರೀ?"

ಮಸರಕಲ್ಲಿನಿಂದ ನಿನ್ನ ಮಗಳು ರೇಣುಕಾ ಓಡಿ ಬಂದಳು. ಅತ್ತು ಮುಗಿಸಿ ಒಂದೇ ಮಾತು ಅಂದಳು: "ದೊಡ್ಡವ್ವಾ, ಊರ ಮಂದಿಗೆಲ್ಲಾ ಹಾಳಿ ಆರಿಸಿ ಕೊಡ್ತಿ. ನಮ್ಮಪ್ಪಗ ಮಾತ್ರ ತೆಳುಂದು ಹಾಕ್ದಿ." ಬೇಗ ಸಿಗಲಿ ಅಂತಲೇ ಹಾಕಿದ್ದು ಅಂತ ಹೇಳಿದರೆ ಯಾರು ನಂಬುತ್ತಾರೆ? ಇನ್ನೊಂದು ಮಾತು ನಿನಗೆ ಮಾತ್ರ ಹೇಳುತ್ತೇನೆ. ಅಷ್ಟಾದ ಮೇಲೂ ನನಗೆ ಬುದ್ಧಿ ಬರಲಿಲ್ಲ. ಮತ್ತೆರಡು ಸಲ ಅದೇ ತೆಳು ಹಾಳೆ ಹೊಡೆಸಿದೆ. ಗಟ್ಟಿಯದು ಹಾಕಿದರೆ, ಬಸಣ್ಣ ಈಗಲೇ ಬರುವುದಿಲ್ಲ ಅಂತ ನಾನೇ ಬರೆದುಕೊಟ್ಟ ಹಾಗೆ ಅನಿಸುತ್ತಿತ್ತು.

ಈ ವರ್ಷದಲ್ಲಿ ಶಕ್ತಿನಗರದ ತನಕ ಎಲ್ಲ ಕಡೆ ತಿರುಗಿದೆ. ಗುರುತಿಲ್ಲದ ಹೆಣ ಬಂದಿದೆ ಅಂತ ಎರಡು ಸಲ ಆಸ್ಪತ್ರೆಗೆ ಕರೆಸಿದರು. ಅವನಲ್ಲ. ಅವನಲ್ಲ ಅಂದಾಗ ಖುಷಿಪಡಬೇಕೋ ಏನೋ.

ಈ ಸಲ ಗಟ್ಟಿಯದೇ ಬೇಕು ಅಂತ ಹೋದ ವಾರ ರೇಣುಕಾ ತಾನೇ ಪ್ರೆಸ್ಸಿಗೆ ಬಂದು ನಿಂತಳು. ಖಾಜಾ ಎರಡು ನಮೂನೆ ತೆಗೆದು ಎದುರಿನ ಗೋಡೆಗೆ ಹಚ್ಚಿದ. ರಸ್ತೆಯ ಈಚೆ ದಂಡೆಯಿಂದ ನೋಡಿದೆವು. ಮಿರುಗುವ ಲ್ಯಾಮಿನೇಷನ್ ಮಧ್ಯಾಹ್ನದ ಬಿಸಿಲಿಗೆ ಕನ್ನಡಿಯಂತೆ ಹೊಳೆಯಿತು, ಬಸಣ್ಣನ ಮುಖವೇ ಇಲ್ಲ. ಮಿರುಗದ ಮ್ಯಾಟ್ ಫಿಲ್ಮಿನಲ್ಲಿ ಕಣ್ಣು, ಮೀಸೆ, ಗಲ್ಲದ ಕಲೆ ಎಲ್ಲ ಕಂಡಿತು. ಅದನ್ನೇ ಹಿಡಿದೆವು. ಅಳತೆ ದೊಡ್ಡದು, ಬಸ್ಸಿನ ಕಿಟಕಿಯಿಂದಲೂ ಕಾಣಬೇಕು. ಹಾಳೆ ನೀರು ಹಿಡಿಯದ, ಹರಿಯದ ಪ್ಲಾಸ್ಟಿಕ್ಕಿನದು. ಅಂಟಿನ ಗೊಡವೆ ಬೇಡ, ತಂತಿಯಿಂದ ಬಿಗಿಯುವುದು.

"ಎಷ್ಟು ದಿನ ಬಾಳತದಣ್ಣಾ?" ಕೇಳಿದಳು ರೇಣುಕಾ.

"ಹಾಳಿ ಮೂರು ವರ್ಷ ಬಾಳತದವ್ವಾ. ಬಣ್ಣದ್ದು ಹೇಳಾಕಾಗಲ್ಲ. ಬಿಸಿಲಿಗಿ ಕೆಂಪು ಮೊದಲು ಹಾರ್ತದ, ಮುಖ ನೀಲಿ ಆಗ್ತದ. ಬರೀ ಕರಿ ಶಾಯಿ ಆದ್ರ ತಡೀತದ ನೋಡು."

"ಕಪ್ಪು ಬಿಳುಪು ಬ್ಯಾಡಣ್ಣಾ. ಶ್ರದ್ಧಾಂಜಲಿ ಕಂಡಂಗ ಕಾಣ್ತದ."

ಬಣ್ಣದ್ದೇ ಇರಲಿ, ನೀಲಿಯಾದರೆ ಆಗಲಿ ಅಂದೆ. ಮೂರು ವರ್ಷ ಅಂದಾಗ ಮಾತ್ರ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹಾಳೆ ಗಟ್ಟಿಯಾದ ಮೇಲೆ ಅಕ್ಷರಗಳೂ ಅಷ್ಟೇ ದಿನ ಬಾಳಬೇಕಲ್ಲ? ಕೂತು ಒಂದೊಂದೇ ಸಾಲು ತೆಗೆಸಿದೆ. "ನೀಲಿ ಗೆರೆಯ ಅಂಗಿ ತೊಟ್ಟಿದ್ದರು" ಅಂತ ಇತ್ತು, ಆ ಅಂಗಿ ಇಷ್ಟು ಹೊತ್ತಿಗೆ ಚಿಂದಿಯಾಗಿರುತ್ತದೆ, ತೆಗೆ ಅಂದೆ. ವಯಸ್ಸು ಪ್ರತಿ ವರ್ಷ ಸುಳ್ಳಾಗುತ್ತದೆ, ಅದೂ ಹೋಯಿತು. ಹೆಸರು ಉಳಿಯಿತು. ಕುರಿಯ ಮಾತು ಆಡಿದರೆ ನಿಲ್ಲುತ್ತಾನೆ ಅಂತ ಒಂದು ಸಾಲು ಸೇರಿಸಿದೆ.

ಕೊನೆಗೆ ಫೋನ್ ನಂಬರ್. ಖಾಜಾ ನನ್ನದನ್ನೇ ಕೂಡಿಸಿಟ್ಟಿದ್ದ. ಈ ಚಳಿಗಾಲದಲ್ಲಿ ಮೆಟ್ಟಿಲು ಹತ್ತುವಾಗ ಉಸಿರು ಸಾಲದೆ ನಾನು ಎರಡು ಕಡೆ ನಿಲ್ಲಬೇಕಾಯಿತು ನೀಲವ್ವಾ. ಮೂರು ವರ್ಷದ ಹಾಳೆ ಅದು. ನನ್ನ ನಂಬರ್ ಅಳಿಸಿ ರೇಣುಕಾಳದು ಹಾಕಿಸಿದ್ದೇನೆ.